ಶರಾವತಿಯನ್ನು ಬಸ್ಸಿಗೆ ಕುಡಿಸಿದ ಡ್ರೈವರ್ ಸಾಹೇಬರಿಗೆ

ಮೂವತ್ತೆಂಟು ಜನರನ್ನೂ ಒಂದು ಖಾಲಿ ಕೊಡವನ್ನೂ ಸುರಕ್ಷಿತವಾಗಿ ಹೊಸದುರ್ಗ ಮುಟ್ಟಿಸಿದ ಮಾನ್ಯ ಟೂರಿಸ್ಟ್ ಬಸ್ಸಿನ ಡ್ರೈವರ್ ಸಾಹೇಬರಿಗೆ ಜಾಲಿಹಟ್ಟಿಯ ಪಾಲಮ್ಮ ಅಡ್ಡಬಿದ್ದು ಮಾಡುವ ನಮಸ್ಕಾರಗಳು. ತಮ್ಮ ಮನೆ ಎಲ್ಲಿದೆಯೋ ತಿಳಿಯದ್ದರಿಂದ, ತಾವು ದಿನಾ ಕಾಫಿ ಕುಡಿಯುವ ಹೋಟೆಲಿನ ಗೋಡೆಗೇ ಈ ಪತ್ರ ಅಂಟಿಸಿದ್ದೇನೆ. ಬೇರೆಯವರೂ ಓದಿದರೆ ತಾವು ಬೇಸರ ಮಾಡಿಕೊಳ್ಳಬಾರದು. ನಾವೆಲ್ಲ ಕ್ಷೇಮ. ತಮ್ಮ ಬಸ್ಸಿನ ಕ್ಷೇಮಕ್ಕಾಗಿ ನಮ್ಮ ಹಟ್ಟಿ ಮೂರು ಹೊತ್ತೂ ಕೈ ಮುಗಿಯುತ್ತಿದೆ.

ನಾವು ಹೊನ್ನಾವರಕ್ಕೆ ಬಂದದ್ದು ಲಾಂಚಿನಲ್ಲಿ ಕೂತು ಗಾಳಿ ಕುಡಿಯುವುದಕ್ಕಲ್ಲವೆಂದು ತಮಗೆ ಮೊದಲೇ ಹೇಳಿದ್ದೆವು. ಗೋಡೆ ಕುಸಿದ ನಮ್ಮ ದೇವರ ಗುಡಿಯನ್ನು ಹೊಸದಾಗಿ ಕಟ್ಟಿದ್ದೇವೆ. ಹರಿಯುವ ಹೊಳೆಯ ನೀರು ತಂದು ಎರೆಯುವವರೆಗೆ ಅದರ ಬಾಗಿಲು ತೆರೆಯುವಂತಿಲ್ಲ, ಬಾಗಿಲು ತೆರೆಯದೆ ಹಟ್ಟಿಯಲ್ಲಿ ಮದುವೆ ಮಾಡುವಂತಿಲ್ಲ, ಬರುವ ಸೋಮವಾರವೇ ನನ್ನ ಮೊಮ್ಮಗಳು ತಿಪ್ಪಕ್ಕನ ಮದುವೆ. ನಮ್ಮ ವೇದಾವತಿ ಈ ವರ್ಷ ಬರೀ ಮರಳು ಹೊದ್ದು ಮಲಗಿರುವುದರಿಂದ ಶರಾವತಿಯವರೆಗೆ ಬರಬೇಕಾಯಿತು. ಲಾಂಚು ಹೊಳೆಯ ಮೇಲ್ಭಾಗಕ್ಕೆ ಹೋಗಿ ಸಿಹಿನೀರು ಸಿಕ್ಕ ಕಡೆ ನಾನೂ ಪೂಜಾರಿ ಜುಂಜಪ್ಪನೂ ಮುಳುಗೆದ್ದು ಕೊಡ ತುಂಬಿದೆವು. ಆ ಕೊಡ ಗುಡಿ ಸೇರುವ ತನಕ ನೆಲ ಮುಟ್ಟಬಾರದು. ಆ ದಿನ ಆ ಹೊಳೆಯಲ್ಲಿ ಮುಳುಗೆದ್ದವರಲ್ಲದೆ ಬೇರೆಯವರು ಹಿಡಿಯಬಾರದು. ವಾಪಸ್ಸು ಬಂದಾಗ ತಾವು ಮೀನು ಮಾರುವ ಹೆಂಗಸನ್ನು ನೋಡುತ್ತಾ ಲಾಂಚಿನ ಹಲಗೆ ಬಿಟ್ಟು ಹೊಳೆಗೇ ಕಾಲಿಟ್ಟು, ಟೋಪಿ ಸಮೇತ ಮುಳುಗಿ ಎದ್ದದ್ದನ್ನು ಕಂಡು, ಕೊಡ ಹಿಡಿಯಲು ಮೂರನೆಯವರೂ ಸಿಕ್ಕರೆಂದು ನಾವು ಸಂತೋಷಪಟ್ಟೆವು. ನಮ್ಮ ಬುದ್ಧಿಗೆ ಬೆಂಕಿ ಹಾಕ.

ತಮ್ಮ ಚಾಲನೆಯನ್ನು ಹೊಗಳಲು ನನಗೆ ಮಾತು ಸಾಲದು. ಐದೇ ನಿಮಿಷವೆಂದು ಹೇಳಿ ತಮಗೆ ಪುಕ್ಕಟೆ ಊಟ ಹಾಕುವ ಹೋಟೆಲಿನ ಮುಂದೆ ನಮ್ಮನ್ನು ಒಂದೂವರೆ ಗಂಟೆ ಬಿಸಿಲಿಗೆ ಒಣಗಿಸಿದಿರಿ. ರೇಡಿಯೇಟರಿಗೆಂದು ಇಟ್ಟಿದ್ದ ನೀರಿನ ಡಬ್ಬವನ್ನು ಚೆಲ್ಲಿ, ಅದರ ತುಂಬ ಅತ್ತೆ ಮನೆಗೆ ಪಾಕದಂಥ ಜೋನಿಬೆಲ್ಲ ತುಂಬಿಸಿಕೊಂಡಿರಿ. ಹೀಗೆ ಗೇರುಸೊಪ್ಪೆ ಘಾಟಿಯ ಅರ್ಧ ಹತ್ತುವಷ್ಟರಲ್ಲಿ ಬಸ್ಸು ಮೂಗಿನಿಂದ ಹಬೆ ಬಿಟ್ಟು ನಿಂತಿತು. ಜುಂಜಪ್ಪ ಮೂರನೇ ತಿರುವಿಗೇ ವಾಂತಿ ಮಾಡಿಕೊಂಡು ಮೈಲಿಗೆಯಾಗಿದ್ದ. ನನಗೂ ವಯಸ್ಸಾಗಿದೆ, ಪೊದೆಯ ಮರೆಗೆ ಹೋಗಲೇಬೇಕಾಗಿತ್ತು. ಕೊಡವನ್ನು ತಮ್ಮ ಕೈಗೆ ಕೊಟ್ಟು, ‘ನೆಲಕ್ಕೆ ಮಾತ್ರ ಇಡಬ್ಯಾಡ ಕಣಪ್ಪ’ ಅಂದೆ. ‘ಪ್ರಾಣ ಹೋದ್ರೂ ಇಡಾಕಿಲ್ಲ, ಹೋಗ್ಬಾ ಅಜ್ಜಿ’ ಅಂದಿರಿ.

ಬರುವಷ್ಟರಲ್ಲಿ ಬಸ್ಸು ಗುರುಗುಡುತ್ತಿತ್ತು, ಕೊಡ ತಮ್ಮ ಕಂಕುಳಲ್ಲಿ ತಲೆಕೆಳಗಾಗಿತ್ತು. ‘ನೋಡಜ್ಜಿ, ನೆಲ ಮುಟ್ಟಿಸಿಲ್ಲ’ ಎಂದು ತಾವು ಹಲ್ಲು ಬಿಟ್ಟದ್ದು ಈಗಲೂ ಕಣ್ಣ ಮುಂದಿದೆ. ನಾನು ಎದೆ ಬಡಿದುಕೊಂಡು ಅತ್ತಾಗ, ‘ನೀರಿಗ್ಯಾಕೆ ಇಷ್ಟು ಅಳ್ತೀಯ, ಸಾಗರ ಪ್ಯಾಟೆ ನಲ್ಲಿನಾಗೆ ಇದಕ್ಕಿಂತ ತಿಳಿನೀರು ಬರ್ತೈತೆ’ ಎಂದು ಸಮಾಧಾನವನ್ನೂ ಹೇಳಿದಿರಿ. ಅಂಥ ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲ. ಆಮೇಲೆ ಹಟ್ಟಿಯ ದಾರಿ ಕೆಟ್ಟದೆಂದು ಹೊಸದುರ್ಗದಲ್ಲೇ ನಮ್ಮನ್ನು ಇಳಿಸಿ ಹೊರಟುಬಿಟ್ಟಿರಿ.

ಮತ್ತೊಮ್ಮೆ ಹೊಳೆಗೆ ಹೋಗೋಣವೆಂದರೆ, ಮೊದಲು ತುಂಬಿದ ಗಂಗೆ ಗುಡಿ ಸೇರದೆ ಎರಡನೇ ಕೊಡ ಎತ್ತುವಂತಿಲ್ಲ. ಹಟ್ಟಿಯ ಹಿರಿಯ ಚಿತ್ರಲಿಂಗಪ್ಪ ಎರಡು ದಿನ ಯೋಚನೆ ಮಾಡಿ ತೀರ್ಮಾನ ಕೊಟ್ಟ: ‘ಗಂಗಮ್ಮ ನೆಲಕ್ಕೆ ಬಿದ್ದಿಲ್ಲ. ಹೊಳೆ ಮುಳುಗಿದೋನ ಕೈಯಿಂದ್ಲೇ ಬಸ್ಸಿನ ಹೊಟ್ಟೆ ಸೇರವಳೆ. ಇನ್ನು ಬಸ್ಸೇ ಕೊಡ. ತಂದು ಗುಡಿ ಮುಂದೆ ನಿಲ್ಸ್ರಿ.’

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೇ. ಸೋಮವಾರದೊಳಗೆ ಬಸ್ಸನ್ನು ಹಟ್ಟಿಗೆ ತರಬೇಕು. ಅಲ್ಲಿಯವರೆಗೆ ರೇಡಿಯೇಟರಿಗೆ ಬೇರೆ ನೀರು ಬೆರೆಸಬಾರದು. ಬಸ್ಸಿಗೆ ಬಾಯಾರಿದರೆ ಐದೇ ನಿಮಿಷವೆಂದು ತಾವು ಹೇಳಿದರಾಯಿತು. ತಾವು ಬೀಡಿ ಬಿಟ್ಟು, ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲಿ ಬರಬೇಕು. ಕೊಡ ನೆಲ ಮುಟ್ಟಬಾರದಾದ್ದರಿಂದ ಚಕ್ರಗಳನ್ನು ಆದಷ್ಟು ನೆಲಕ್ಕೆ ಸೋಕಿಸದೆ ಓಡಿಸಬೇಕು; ಘಾಟಿಯ ತಿರುವುಗಳಲ್ಲಿ ತಾವು ಹಾಗೆ ಓಡಿಸಿದ್ದನ್ನು ನಾವು ಮೂವತ್ತೆಂಟು ಜನ ಕಣ್ಣಾರೆ ಕಂಡಿದ್ದೇವೆ. ಕೆಳಗಿನ ಬಿರಡೆ ತಿರುಗಿಸಿ ನೀರು ಬಿಟ್ಟರೆ ಮಿಕ್ಕದ್ದು ನಮಗೆ ಸೇರಿದ್ದು. ನಮ್ಮ ದೇವರಿಗೆ ಬಿಸಿನೀರ ಸ್ನಾನ ಇದೇ ಮೊದಲು, ಬೇಡವೆನ್ನಲಾರ.

ತಿಪ್ಪಕ್ಕ ತಮ್ಮನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ರಸ್ತೆಯಲ್ಲಿ ಹಾರನ್ ಕೇಳಿದರೆ ರೊಟ್ಟಿ ತಟ್ಟುವುದು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾಳೆ, ಲಾರಿಯೆಂದು ಗೊತ್ತಾದ ಮೇಲೆ ಒಳಗೆ ಹೋಗುತ್ತಾಳೆ.

ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಪಾಲಮ್ಮ

ಮರೆತ ಮಾತು: ತಮ್ಮ ಯಜಮಾನರ ಐದೂ ಬಸ್ಸುಗಳು ಒಂದೇ ಬಣ್ಣದವು, ನಂಬರು ನಮ್ಮಲ್ಲಿ ಯಾರೂ ನೋಡಿಲ್ಲ. ಹಾಗಾಗಿ ನಮ್ಮ ಹೆಂಗಸರು ಹೊಳಲ್ಕೆರೆ ರಸ್ತೆಯಲ್ಲಿ ಐದನ್ನೂ ತಡೆದು ಅರಿಶಿನ ಹಚ್ಚಿ, ಯಾರೂ ನೀರು ಹಾಕದಂತೆ ಸರದಿಯ ಮೇಲೆ ಕಾವಲು ಕೂತಿದ್ದಾರೆ. ಗಂಗೆ ಕುಡಿದ ಬಸ್ಸು ಯಾವುದೆಂದು ತಾವೇ ಬಂದು ತೋರಿಸಿ ಓಡಿಸಿಕೊಂಡು ಹೋಗಬೇಕು. ನಿನ್ನೆ ಯಜಮಾನರೇ ಚಿತ್ರದುರ್ಗದಿಂದ ಜೀಪಿನಲ್ಲಿ ಬಂದು, ‘ಯಾವನಮ್ಮ ಆ ಡ್ರೈವರು, ಅವನ ಹೆಸರೇಳು’ ಎಂದು ಕೇಳಿದರು. ‘ವಯಸ್ಸಾತು ಸ್ವಾಮಿ, ನೆನಪಿಗೆ ಬರವಲ್ದು’ ಅಂದೆ. ಮಂಗಳವಾರ ಮತ್ತೆ ಬರುತ್ತಾರಂತೆ.