ಪಾಠಕ್ಕೆ ಮೊದಲೇ ರಾಜಿಯಾದ ಮಕ್ಕಳ ಕುರಿತು

ಮುಖ್ಯ ಕಚೇರಿ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)
ಕ್ರಮಾಂಕ: ಕ್ಷೇಮ/ಸಂಬಂಧ/ಟೂ/41

ವಿಷಯ: ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಪರಸ್ಪರ ಟೂ ಬಿಡುವುದು ಹಾಗೂ ಅನುಮತಿಯಿಲ್ಲದೆ ಮತ್ತೆ ಮಾತನಾಡುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(1) ‘ನನ್ನ ಮನಸ್ಸು, ನಮ್ಮ ಗೆಳೆತನ’ ಪಠ್ಯಪುಸ್ತಕ, ಭಾಗ ಒಂದು: ಜಗಳ.
(2) ಸದರಿ ಪಠ್ಯಪುಸ್ತಕ, ಭಾಗ ಎರಡು: ರಾಜಿ. (ಇನ್ನೂ ಬರೆದಿಲ್ಲ.)
(3) ಮೂರನೇ ತರಗತಿಯ ಶಿಕ್ಷಕಿಯ ವಿವರಣೆ. (ತೃಪ್ತಿಕರವಲ್ಲ.)

ಪ್ರಸ್ತಾವನೆ:

ಉಲ್ಲೇಖ (1)ರ ಪುಸ್ತಕವನ್ನು ಎಲ್ಲ ಶಾಲೆಗಳಿಗೂ ತಲುಪಿಸಲಾಗಿದ್ದು, ಸಿಟ್ಟನ್ನು ಗುರುತಿಸುವುದು, ಸಿಟ್ಟಿಗೆ ಹೆಸರಿಡುವುದು ಮತ್ತು ಟೂ ಬಿಟ್ಟು ಮುಖ ತಿರುಗಿಸಿಕೊಳ್ಳುವುದನ್ನು ಮಕ್ಕಳು ನಿರೀಕ್ಷೆಗೂ ಮೀರಿ ಕಲಿತಿರುತ್ತಾರೆ. ಭಾಗ ಎರಡನ್ನು ಜಂಟಿಯಾಗಿ ಬರೆಯಬೇಕಿದ್ದ ಇಬ್ಬರು ತಜ್ಞರು, ಮುಖಪುಟದಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ವಿಚಾರದಲ್ಲಿ ಮುನಿಸಿಕೊಂಡು ಎರಡು ವರ್ಷಗಳಿಂದ ಮುಖ ಕೊಟ್ಟು ಮಾತನಾಡುತ್ತಿಲ್ಲ. ಆದ್ದರಿಂದ ರಾಜಿಯಾಗುವುದು ಹೇಗೆಂಬುದು ಸದ್ಯ ಪಠ್ಯಕ್ರಮದಲ್ಲಿ ಇರುವುದಿಲ್ಲ.

ಹೀಗಿರುವಾಗ, ಒಂದು ಶಾಲೆಯ ಮೂರನೇ ತರಗತಿಯ ಇಬ್ಬರು ವಿದ್ಯಾರ್ಥಿನಿಯರು (ತರಗತಿಯಲ್ಲಿ ‘ಎರಡು ಜಡೆ’ ಮತ್ತು ‘ಹಲ್ಲು ಬಿದ್ದವಳು’ ಎಂದು ಪ್ರಸಿದ್ಧರು) ಸೋಮವಾರ ಬೆಳಿಗ್ಗೆ ರಬ್ಬರಿನ ವಿಚಾರವಾಗಿ ಟೂ ಬಿಟ್ಟು, ಅದೇ ದಿನ ಊಟದ ಬಿಡುವಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ನಗುತ್ತಿದ್ದುದು ತಪಾಸಣೆಯಲ್ಲಿ ಕಂಡುಬಂದಿದೆ. ಯಾವ ಪಾಠದ ಆಧಾರದ ಮೇಲೆ ರಾಜಿಯಾದಿರೆಂದು ಕೇಳಲಾಗಿ, ಹಲ್ಲು ಬಿದ್ದವಳು, “ಅವಳು ಅಳ್ತಾ ಇದ್ಲು. ನಂಗೂ ಅಳು ಬಂತು. ಅಷ್ಟೇ,” ಎಂದು ಹೇಳಿಕೆ ನೀಡಿರುತ್ತಾಳೆ. ಎರಡು ಜಡೆಯು ಸಹಿ ಮಾಡಬೇಕಾದ ಜಾಗದಲ್ಲಿ ಹೂವಿನ ಚಿತ್ರ ಬಿಡಿಸಿರುತ್ತಾಳೆ. ಶಿಕ್ಷಕಿಯು, “ಸೇರಿಕೊಂಡವರನ್ನ ನಾನ್ಯಾಕೆ ಬೇರೆ ಮಾಡ್ಲಿ ಸಾರ್?” ಎಂದಿದ್ದು, ಅದು ಉತ್ತರವಲ್ಲ, ಪ್ರಶ್ನೆ ಎಂದು ಪರಿಗಣಿಸಲಾಗಿದೆ. ರಾಜಿ ಇಷ್ಟು ಸಲೀಸಾಗಿ ಆಗಿಬಿಡುವುದಾದರೆ ಇಲಾಖೆ ಇರುವುದು ಯಾತಕ್ಕೆ ಎಂಬ ಪ್ರಶ್ನೆಯೂ ಉದ್ಭವಿಸಿದ್ದು, ಇಲಾಖೆಯು ಅದನ್ನು ನೋವಿನಿಂದ ಗಮನಿಸಿದೆ.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ಟೂ ಬಿಡಲಿಚ್ಛಿಸುವ ವಿದ್ಯಾರ್ಥಿಯು ಮುನಿಸಿನ ನಮೂನೆಯನ್ನು ಮೂರು ಪ್ರತಿಗಳಲ್ಲಿ ಭರ್ತಿ ಮಾಡಿ, ಏಳು ಕೆಲಸದ ದಿನಗಳು ಕಾಯತಕ್ಕದ್ದು. ಅಷ್ಟರಲ್ಲಿ ಸಿಟ್ಟು ಇಳಿದುಹೋದಲ್ಲಿ ಇಲಾಖೆ ಹೊಣೆಯಲ್ಲ. ಬರೆಯಲು ಬಾರದ ಒಂದನೇ ತರಗತಿಯವರು ಮೂತಿ ಉಬ್ಬಿಸಿದ ಭಾವಚಿತ್ರವನ್ನು ಲಗತ್ತಿಸುವುದು.

2. ಅಳು ಬಂದಲ್ಲಿ ಅದನ್ನು ಮಧ್ಯಾಹ್ನ 2ರಿಂದ 2.20ರ ಭಾವನೆಗಳ ಅವಧಿಯವರೆಗೆ ತಡೆಹಿಡಿಯುವುದು. ಮುಗಿಯದೆ ಉಳಿದ ಅಳುವನ್ನು ಮರುದಿನಕ್ಕೆ ಮುಂದುವರಿಸಬಹುದು. ಬೇಸಿಗೆ ರಜೆಗೆ ವರ್ಗಾಯಿಸುವಂತಿಲ್ಲ.

3. ಮೂವರು ಗೆಳೆಯರಲ್ಲಿ ಇಬ್ಬರು ಟೂ ಬಿಟ್ಟರೆ, ಮೂರನೆಯವನು ಬೆಸ ದಿನಾಂಕಗಳಂದು ಒಬ್ಬನ ಕಡೆಗೂ ಸಮ ದಿನಾಂಕಗಳಂದು ಇನ್ನೊಬ್ಬನ ಕಡೆಗೂ ಇರತಕ್ಕದ್ದು. ಭಾನುವಾರ ಅವನು ತನ್ನ ತಾಯಿಯ ಕಡೆ ಇರಬಹುದು.

4. ಭಾಗ ಎರಡು ಅಚ್ಚಾಗಿ ಬರುವವರೆಗೆ ಯಾರೂ ರಾಜಿಯಾಗತಕ್ಕದ್ದಲ್ಲ. ಈಗಾಗಲೇ ಆಗಿರುವವರನ್ನು ಸದರಿ ಸೋಮವಾರದಿಂದಲೇ ಜಾರಿಗೆ ಬರುವಂತೆ ಪುನಃ ಟೂ ಸ್ಥಿತಿಗೆ ತರುವುದು. ಅದರಂತೆ ಎರಡು ಜಡೆಯನ್ನು ಕಿಟಕಿಯ ಸಾಲಿಗೂ, ಹಲ್ಲು ಬಿದ್ದವಳನ್ನು ಬಾಗಿಲ ಸಾಲಿಗೂ ವರ್ಗಾಯಿಸಲಾಗಿದೆ. ನಡುವೆ ಇಪ್ಪತ್ತೆರಡು ಮಕ್ಕಳಿರುತ್ತಾರೆ. ಅಂದಿನಿಂದ ಹಲ್ಲು ಬಿದ್ದವಳು ಊಟ ಮಾಡುತ್ತಿಲ್ಲವೆಂದು ಶಾಲೆಯ ಆಯಾ ತಿಳಿಸಿದ್ದು, ಅವರ ಮಾತು ಹೀಗಿದೆ: “ಡಬ್ಬಿ ಮುಚ್ಚಿಟ್ಕೊಂಡು ಕಿಟಕಿ ಕಡೆನೇ ನೋಡ್ತಾ ಕೂತಿರುತ್ತೆ ಸಾರ್ ಮಗು, ಪಾಪ.” ಈ ಪೈಕಿ ‘ಪಾಪ’ ಎಂಬುದನ್ನು ಕಡತದಿಂದ ತೆಗೆಯಲಾಗಿದೆ.

5. ಸದರಿ ಇಬ್ಬರೂ ಇಪ್ಪತ್ತೆರಡು ತಲೆಗಳ ಮೇಲಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಿರುವುದಾಗಿ ದೂರು ಬಂದಿದೆ. ನಗುವನ್ನು ಮಾತೆಂದು ಪರಿಗಣಿಸಬೇಕೇ ಎಂಬ ಬಗ್ಗೆ ಕಾನೂನು ಶಾಖೆಯ ಅಭಿಪ್ರಾಯ ಕೋರಲಾಗಿದೆ. ಅಲ್ಲಿಯವರೆಗೆ ಎತ್ತರದ ಮಕ್ಕಳನ್ನು ನಡುವಿನ ಸಾಲಿನಲ್ಲಿ ಕೂರಿಸುವುದು.

6. ಈ ಸೂಚನೆಗಳು ಇಲಾಖೆಯ ಸಿಬ್ಬಂದಿಗೆ ಅನ್ವಯಿಸುವುದಿಲ್ಲ. ಸಿಬ್ಬಂದಿಯ ಮುನಿಸು ಸೇವಾ ಹಿರಿತನದ ಪ್ರಕಾರ ಮುಂದುವರಿಯುವುದು.

ಮೇಲಿನದನ್ನು ಚಾಚೂ ತಪ್ಪದೆ ಪಾಲಿಸಿ, ಮಕ್ಕಳು ಸಂತೋಷವಾಗಿದ್ದಾರೆಂಬ ದೃಢೀಕರಣವನ್ನು ಮೂರು ದಿನಗಳೊಳಗೆ ಕಳುಹಿಸತಕ್ಕದ್ದು. ಸಂತೋಷವಾಗಿಲ್ಲದ ಮಕ್ಕಳಿಂದ ಕಾರಣ ಕೇಳಲಾಗುವುದು.

ಸಹಿ/-
ಉಪ ನಿರ್ದೇಶಕರು (ಸಂತೋಷ), ಪ್ರಭಾರ

ಪ್ರತಿಗಳು:
1. ಎಲ್ಲ ಮುಖ್ಯ ಶಿಕ್ಷಕರಿಗೆ, ಬೆಳಗಿನ ಸಭೆಯಲ್ಲಿ ಗಟ್ಟಿಯಾಗಿ ಓದಲು.
2. ಕಾನೂನು ಶಾಖೆಗೆ, ನಗುವಿನ ಎರಡು ಮಾದರಿಗಳೊಂದಿಗೆ.
3. ಭಾಗ ಎರಡರ ಇಬ್ಬರು ತಜ್ಞರಿಗೆ, ಬೇರೆ ಬೇರೆ ಲಕೋಟೆಗಳಲ್ಲಿ, ಒಂದೇ ನಿಮಿಷಕ್ಕೆ ತಲುಪುವಂತೆ.
4. ಕಚೇರಿ ಕಡತಕ್ಕೆ.
5. ಎರಡು ಜಡೆ ಹಾಗೂ ಹಲ್ಲು ಬಿದ್ದವಳಿಗೆ. ಒಂದೇ ಪ್ರತಿ ಉಳಿದಿರುವುದರಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿಕೊಳ್ಳುವುದು. ಎಲ್ಲ ಸೂಚನೆಗಳೂ ಪೂರ್ತಿ ಅರ್ಥವಾಗುವವರೆಗೆ ಅಲ್ಲಿಂದ ಏಳತಕ್ಕದ್ದಲ್ಲ.