ಮಳವಳ್ಳಿ ಟೆಂಟಿನಲ್ಲಿ ನಾನು ವಿವರಿಸಿದ ಪಿಕ್ಚರ್

ಮದುವೆಯಾದ ಮೊದಲ ಆಷಾಢಕ್ಕೆಂದು ಮಳವಳ್ಳಿಯ ತವರಿಗೆ ಹೋದ ನನ್ನ ಹೆಂಡತಿ ಜಯಮ್ಮ, ದೀಪಾವಳಿ ಬಂದರೂ ಮಂಡ್ಯಕ್ಕೆ ವಾಪಸಾಗಲಿಲ್ಲ. ಮಾವನವರು ‘ಗೌರಿ ಹಬ್ಬ ಕಳೀಲಿ’, ‘ದಸರಾ ಕಳೀಲಿ’ ಎಂದು ಹಬ್ಬದ ಮೇಲೆ ಹಬ್ಬ ಹೇರುತ್ತಿದ್ದರು. ಒಳಗಿನ ಸಂಗತಿಯೇ ಬೇರೆ. ಗುಮಾಸ್ತೆ ಅಳಿಯನಿಗೆ ಲೋಕಜ್ಞಾನ ಇದೆಯೋ ಇಲ್ಲವೋ ಎಂದು ಅವರಿಗೆ ಅನುಮಾನ. ಇತ್ತ ಒಲೆ ಊದಿ ಊದಿ ನನ್ನ ಕಣ್ಣು ಕೆಂಪಾಗಿತ್ತು. ನಿಜ ಹೇಳಬೇಕೆಂದರೆ, ಅವಳಿಲ್ಲದ ಮನೆಗೆ ಹೋಗಲೇ ಬೇಜಾರು. ಹಬ್ಬದ ನೆಪದಲ್ಲಿ ಕರೆದುಕೊಂಡೇ ಬರುವುದೆಂದು ಹೊರಟೆ.

ನಾನು ಮಳವಳ್ಳಿ ತಲುಪಿದಾಗ ಊರಿಗೆ ಟೆಂಟು ಸಿನಿಮಾ ಬಂದಿತ್ತು. ಪರದೆಯ ಪಕ್ಕ ನಿಂತು ಪರದೇಶದ ಪಿಕ್ಚರುಗಳ ಕಥೆಯನ್ನು ಕನ್ನಡದಲ್ಲಿ ವಿವರಿಸುವವನಿಗೆ ಜ್ವರ. ಟೆಂಟಿನ ಯಜಮಾನ ಮನೆಗೇ ಬಂದು, ‘ಇಂಗ್ಲಿಷ್ ಬಲ್ಲ ಅಳಿಯಂದಿರು ಬಂದವ್ರಂತೆ’ ಎಂದ. ಮಾವನವರ ಮುಖ ಅರಳಿತು. ‘ಓಗಿ ಅಳಿಮಯ್ಯ, ನಾವೂ ಎಲ್ಲಾ ಬತ್ತೀವಿ.’ ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ!

ಪಿಕ್ಚರ್ ಯಾವ ದೇಶದ್ದೋ, ಭಾಷೆ ಒಂದಕ್ಷರ ತಿಳಿಯಲಿಲ್ಲ. ಆದರೇನು? ಮೈಸೂರಿನಲ್ಲಿ ಓದುವಾಗ ಪಾಠ ಬಿಟ್ಟು ನೋಡಿ ಕಲಿತ ಹಾಲಿವುಡ್ ಶಾಸ್ತ್ರ ನನಗೆ ಕಂಠಪಾಠ. ಕುದುರೆಯಿಂದ ಬಿದ್ದರೂ ಬಟ್ಟೆ ಕೊಳೆಯಾಗದವನು ಹೀರೋ. ಗಡ್ಡ ಬಿಟ್ಟು ಗಲೀಜಾಗಿರುವವನು ದುಷ್ಟ. ಕೊನೆಗೆ ಹೀರೋ ಹೀರೋಯಿನ್ನನ್ನು ಅಪ್ಪಿಕೊಂಡರೆ ಮಂಗಳ.

ಪರದೆಯ ಮೇಲೆ ಮೊದಲು ಬಂದವನು ಮೈಗೆಲ್ಲ ಕೆಸರು ಮೆತ್ತಿಕೊಂಡು ಕೊಡಲಿ ಹಿಡಿದ, ಹಲ್ಲು ಮುರಿದ ಆಸಾಮಿ. ಹಿಂದೆಯೇ ಬಿಳಿ ಕುದುರೆಯ ಮೇಲೆ ಮುದ್ದಾದ ರಾಜಕುಮಾರ. ನಾನು ತಗಡಿನ ತುತ್ತೂರಿಯನ್ನು ಬಾಯಿಗಿಟ್ಟು ಘೋಷಿಸಿದೆ: ‘ಮಹಾಜನಗಳೇ, ಕೆಸರಿನವನೇ ದುಷ್ಟ, ಕುದುರೆಯವನೇ ಹೀರೋ.’ ಹೆಂಗಸರು ರಾಜಕುಮಾರನಿಗೆ ನೆಟಿಕೆ ಮುರಿದು ದೃಷ್ಟಿ ತೆಗೆದರು. ಮಾವನವರು ಕೆಸರಿನವನಿಗೆ ಹಿಡಿಶಾಪ ಹಾಕಿದರು. ಹೆಂಡತಿ ಬಂದಂತೆಯೇ ಎಂದುಕೊಂಡೆ.

ಅಷ್ಟರಲ್ಲಿ ರಾಜಕುಮಾರ ಒಂದು ಹಳ್ಳಿಗೆ ಬೆಂಕಿ ಇಟ್ಟ.

ರೀಲು ಬದಲಿಸಲು ದೀಪ ಹಾಕಿದ ಕೂಡಲೇ ಮಾವನವರು ಕೇಳಿದರು: ‘ಅದ್ಯಾಕ್ ಅಳಿಮಯ್ಯ, ನಿಮ್ಮೋನು ಬಣವೆ ಸುಟ್ಟ?’

‘ಅದು ಮಾಯೆ, ಮಾವ. ರಾಕ್ಷಸ ಅವನ ರೂಪ ತಾಳಿದ್ದಾನೆ.’

ಮುಂದಿನ ರೀಲಿನಲ್ಲಿ ನಿಜವಾದ ರಾಕ್ಷಸನೇ ಬಂದ. ಮೂರು ತಲೆ! ರಾಜಕುಮಾರ ಅವನ ಪಕ್ಕದಲ್ಲೇ ಕೂತು ಊಟ ಮಾಡಿದ. ಕೆಸರಿನವನು ರಾಕ್ಷಸನ ಗವಿಯಿಂದ ಮಗುವೊಂದನ್ನು ಎತ್ತಿಕೊಂಡು ಓಡಿದ. ‘ತಿನ್ನೋಕೆ ಒಯ್ತಿದ್ದಾನೆ’ ಎಂದೆ. ಅವನು ಮಗುವಿಗೆ ತನ್ನ ಕಂಬಳಿ ಹೊದಿಸಿ ಮಲಗಿಸಿದ. ‘ಬೆಳಿಗ್ಗೆ ತಿಂತಾನೆ’ ಎಂದೆ. ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗುವಿಗಾಗಿ ಅಳುತ್ತಿದ್ದಾಳೆಂದು ಭಾವಿಸಿದೆ.

ಕೊನೆಗೆ ಹೀರೋಯಿನ್ ರಾಜಕುಮಾರನ ಬಳಿ ಬಂದಳು. ಇದೊಂದಂತೂ ತಪ್ಪುವುದಿಲ್ಲ. ‘ಈಗ ಅಪ್ಪಿಕೊಳ್ತಾರೆ, ಮಕ್ಕಳ ಕಣ್ಣು ಮುಚ್ಚಿ’ ಎಂದೆ. ಮುಚ್ಚಿದರು. ಅವಳು ಅವನ ಹೊಟ್ಟೆಗೆ ಕತ್ತಿ ಹಾಕಿದಳು! ಕೆಸರಿನವನು ರಾಕ್ಷಸನ ಮೂರು ತಲೆಯನ್ನೂ ಕಡಿದು, ಮಗುವನ್ನು ತಾಯಿಯ ಕೈಗಿಟ್ಟು, ಅಲ್ಲೇ ಕುಸಿದು ಪ್ರಾಣ ಬಿಟ್ಟ.

ಮೊದಲು ರಾಜಕುಮಾರನಿಗೆ ದೃಷ್ಟಿ ತೆಗೆದಿದ್ದ ಹೆಂಗಸರೆಲ್ಲ ಕೆಸರಿನವನಿಗಾಗಿ ಗೊಳೋ ಎಂದು ಅಳತೊಡಗಿದರು. ಮಾವನವರು ಎದ್ದು ನಿಂತರು.

‘ಅಲ್ಲಾ ಅಳಿಮಯ್ಯ, ಆ ಪುಣ್ಯಾತ್ಮನ್ನ ನನ್ ಬಾಯಲ್ಲಿ ಬಯ್ಯಿಸ್ಬುಟ್ರಲ್ಲ. ಮೈಗೆ ಕೆಸರಾದೋರೆಲ್ಲ ಕೆಟ್ಟೋರಾದ್ರೆ, ದಿನಾ ಗದ್ದೆಯಿಂದ ಬರೋ ನಾನ್ಯಾರು?’

ತುತ್ತೂರಿಯನ್ನು ಟೆಂಟಿನ ಯಜಮಾನನ ಕೈಗೆ ಕೊಟ್ಟು ಮನೆಯ ದಾರಿ ಹಿಡಿದೆ.

ಬೆಳಿಗ್ಗೆ ಒಬ್ಬನೇ ಹೊರಡುವುದೆಂದು ಚೀಲವನ್ನು ಹೆಗಲಿಗೆ ಹಾಕಿ ಹೊರಬಂದರೆ, ಜಗಲಿಯ ಮೇಲೆ ಜಯಮ್ಮನ ಟ್ರಂಕು! ಮಾವನವರು ಮಗಳಿಗೆ ಬುದ್ಧಿ ಹೇಳುತ್ತಿದ್ದರು: ‘ಒಳ್ಳೇರ್ಯಾರು, ಕೆಟ್ಟೋರ್ಯಾರು ಅಂತ ತಿಳೀದ ಗಂಡು ಕಣವ್ವ. ಮಂಡ್ಯದಂತ ಪ್ಯಾಟೇಲಿ ಒಂಟಿಯಾಗಿ ಬುಡಬಾರ್ದು. ಬಿರ್‍ರನೆ ಹೊರಡು.’

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಕೆಮ್ಮುತ್ತಾ ಮದ್ದೂರಿನ ಕಡೆ ಹೊರಟಿತು. ಪಕ್ಕದಲ್ಲಿ ಜಯಮ್ಮ ಕೂತಿದ್ದಳು. ನನಗೆ ಹೇಳಲಾರದಷ್ಟು ಖುಷಿ. ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಅವಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:

‘ಇವ್ನು ಎಂಗೆ? ಒಳ್ಳೇವ್ನಂಗೆ ಕಾಣ್ತಾನಾ? ನೀವ್ ಮಾತ್ರ ಏನೂ ಹೇಳಕ್ಕೋಗಬೇಡಿ, ನಾನೇ ನೋಡ್ಕತೀನಿ.’