ಅತ್ತೆಯವರ ದನಿ ಎಲ್ಲಿ ಹೋಯಿತು

ಪುರಾವೆ ಇಲ್ಲದೆ ಯಾವುದನ್ನೂ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿತವನು ನಾನು. ಜಾತಕ ನಂಬುವುದಿಲ್ಲ, ಪತ್ರಿಕೆ ನಂಬುವುದಿಲ್ಲ, ಗಡಿಯಾರವನ್ನು ಕೂಡ ಇನ್ನೊಂದು ಗಡಿಯಾರ ನೋಡಿದ ಮೇಲೆಯೇ ನಂಬುತ್ತೇನೆ. ಕಣ್ಣು ಮುಚ್ಚಿ ನಂಬುತ್ತಿದ್ದದ್ದು ನನ್ನ ನೆನಪೊಂದನ್ನೇ. ಈಗ ಅದನ್ನೂ ಬಿಟ್ಟಿದ್ದೇನೆ. ಏಕೆ ಬಿಟ್ಟೆ ಎಂಬುದು ನೆನಪಿರುವಾಗಲೇ ಬರೆದುಬಿಡುವುದು ಒಳ್ಳೆಯದು.

ನನ್ನ ಹೆಂಡತಿ ಸುನಂದಾಳ ತಂಗಿ ಗೀತಾಳಿಗೆ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುಮಗಳ ಹಿಂದೆ ಸೋದರಮಾವ ನಿಲ್ಲಬೇಕು. ಆತ ನಿಲ್ಲದಿದ್ದರೂ ಅಕ್ಷತೆ ಬೀಳುತ್ತದೆ, ಊಟವೂ ಆಗುತ್ತದೆ. ಆದರೆ ಜನ ಮುಂದಿನ ಇಪ್ಪತ್ತು ವರ್ಷ ಆ ಖಾಲಿ ಜಾಗದ ಬಗ್ಗೆಯೇ ಮಾತಾಡುತ್ತಾರೆ. ಗೀತಾಳ ಸೋದರಮಾವ, ಅಂದರೆ ನನ್ನ ಅತ್ತೆಯವರ ತಮ್ಮ ರಾವಸಾಬ ಮಾಮಾ, ಕೊಕಟನೂರಿನವರು. ಹಿಂದೊಮ್ಮೆ ಸದಲಗಾದಲ್ಲಿ ಅತ್ತೆಯವರ ಮನೆಯ ವಾಸ್ತುಶಾಂತಿಗೆ ಅವರನ್ನು ಫೋನಿನಲ್ಲಿ ಕರೆದಿದ್ದರು. ಅದೇ ತಪ್ಪು! ಅಕ್ಕ ಎದುರಿಗೆ ಬಂದು, ಮುಖ ತೋರಿಸಿ, ಬಾಯಿಬಿಟ್ಟು ಕರೆಯಬೇಕಿತ್ತು. ಅಂದಿನಿಂದ ಮಾಮಾ ಅಕ್ಕನ ಮನೆಗೆ ಬರಲಿಲ್ಲ, ಅಕ್ಕನ ಫೋನೂ ಎತ್ತಲಿಲ್ಲ. ಈ ಸಲ ಖುದ್ದಾಗಿ ಹೋಗುತ್ತೇನೆ ಎಂದು ತಯಾರಾದ ಅತ್ತೆಯವರು ಎಮ್ಮೆಯ ಕೊಟ್ಟಿಗೆಯಲ್ಲಿ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು.

"ಈಗ ಹೆಂಗ ಮಾಡೂದರಿ?" ಎಂದಳು ಸುನಂದಾ.

"ವಿಡಿಯೋ ಮಾಡಿ ಕಳಸೂದು. ಮುಖಾನೂ ಹೋಗತೈತಿ, ದನೀನೂ ಹೋಗತೈತಿ. ನನಗ ಬಿಡು."

ನಾನು 'ನನಗ ಬಿಡು' ಎಂದಾಗಲೆಲ್ಲ ಸುನಂದಾ ಹಣೆಗೆ ಕೈ ಹಚ್ಚುತ್ತಾಳೆ. ಅಂದೂ ಹಚ್ಚಿದಳು.

ಚಿಕ್ಕೋಡಿಯಿಂದ ಸದಲಗಾಕ್ಕೆ ಹೋಗಿ, ಅತ್ತೆಯವರನ್ನು ಮಂಚದ ಮೇಲೆ ಕೂರಿಸಿ, ನನ್ನ ಫೋನಿನಲ್ಲಿ ಮೂರು ನಿಮಿಷ ಚಿತ್ರೀಕರಿಸಿದೆ. ಅವರು ಚೂರೂ ಹೆದರದೆ ಮಾತಾಡಿದರು. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ನಾನು ಬೆಳಕು ನೋಡುತ್ತಿದ್ದೆ.

"ಇದ್ದದ್ದು ಇದ್ದಂಗ ಕಳಿಸಿಬಿಡ್ರಿ," ಎಂದಳು ಸುನಂದಾ.

"ಹಂಗ ಕಳಿಸಿದ್ರ ಮಾಮಾ ಗುಂಡಿ ಒತ್ತಬೇಕಾಗತೈತಿ. ಸಿಟ್ಟಿನ್ಯಾಗ ಒತ್ತಲಿಲ್ಲಂದ್ರ? ಅದಕ್ಕ ಜಿಫ್ ಅಂತಾರಲ್ಲ, ಆ ಓಡೂ ಚಿತ್ರ ಮಾಡತೀನಿ. ಮುಟ್ಟದಿದ್ರೂ ತಾನ ಓಡತೈತಿ, ನಿಲ್ಲೂದ ಇಲ್ಲ."

"ಅದರಾಗ ಮಾತು ಕೇಳಸತೈತೇನ್ರಿ?"

"ಕೇಳಸತೈತಿ. ನಾ ಓದೀನಿ."

ಓದಿದ್ದು ನಿಜ. ಧಾರವಾಡದ ಹಾಸ್ಟೆಲಿನಲ್ಲಿ, ಒಂದು ದಪ್ಪ ಪುಸ್ತಕದಲ್ಲಿ, ಎಡಗಡೆಯ ಪುಟದಲ್ಲಿ, ಕೆಳಗೆ. ಜಿಫ್‌ನಲ್ಲಿ ದನಿ ಇರುತ್ತದೆ ಎಂದಿತ್ತೋ, ಇರುವುದಿಲ್ಲ ಎಂದಿತ್ತೋ, ಅದೊಂದು ಮಾತ್ರ ಸ್ವಲ್ಪ ಮಸುಕಾಗಿತ್ತು!

ಮೂರು ನಿಮಿಷದ ಜಿಫ್ ಮೂಲ ವಿಡಿಯೋಗಿಂತ ದೊಡ್ಡದಾಗಿ ಕೂತಿತು. ಕತ್ತರಿಸಲು ಶುರುಮಾಡಿದೆ. ಅತ್ತೆಯವರು 'ಬಾ' ಎಂದು ಕೈಮಾಡುವ ಎರಡು ಸೆಕೆಂಡು ಮಾತ್ರ ಉಳಿಸಿದೆ. ಇನ್ನೂ ಹಗುರಾಗಲಿ ಎಂದು ಅದರ ಕೊನೆಯ ಕೆಲವು ಚಿತ್ರಗಳನ್ನೂ ಕಿತ್ತೆ. ಜಿಫ್‌ನಲ್ಲಿ ಹಿಡಿಯುವುದು ಇನ್ನೂರ ಐವತ್ತಾರೇ ಬಣ್ಣ. ಅತ್ತೆಯವರ ಹಸಿರು ಇಳಕಲ್ ಸೀರೆ ಬೂಷ್ಟು ಹಿಡಿದ ರೊಟ್ಟಿಯಂತೆ ಕಂಡಿತು. ದನಿ ಬರಲಿಲ್ಲ. ಲ್ಯಾಪ್‌ಟಾಪಿನ ಸ್ಪೀಕರ್ ಕೆಟ್ಟಿದೆ ಎಂಬ ವೈಜ್ಞಾನಿಕ ತೀರ್ಮಾನಕ್ಕೆ ಬಂದು ಮಾಮಾನ ಫೋನಿಗೆ ಕಳಿಸಿಬಿಟ್ಟೆ.

ಸಂಜೆ ಮಾಮಾ ತಾವಾಗಿಯೇ ಸುನಂದಾಳಿಗೆ ಫೋನ್ ಮಾಡಿದರು. ನಾನು ಮೀಸೆ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತೆ.

"ಸುನಂದಾ, ನಿಮ್ಮವ್ವಗ ನನ್ನ ಮ್ಯಾಲ ಇಷ್ಟ ಸಿಟ್ಟ ಐತೇನ?"

"ಯಾಕ ಮಾಮಾ?"

"ಹೋಗ ಹೋಗ ಅಂತ ಕೈ ಬೀಸಾಕತ್ತಾಳ. ಬಾಯಾಗ ಒಂದ ಮಾತಿಲ್ಲ! ಚಾ ಕುಡದ ಬಂದ ನೋಡಿದ್ನಿ, ಬೀಸಾಕತ್ತಿದ್ಲು. ದ್ರಾಕ್ಷಿಗೆ ನೀರ ಬಿಟ್ಟ ಬಂದ್ನಿ, ಇನ್ನೂ ಬೀಸಾಕತ್ತಾಳ. ಆಕೀ ಕೈಯರ ನೋಯಂಗಿಲ್ಲೇನ?"

ಲ್ಯಾಪ್‌ಟಾಪ್ ತೆಗೆದು ಜಿಫ್ ನೋಡಿದೆ. ಸ್ಪೀಕರ್ ಕೆಟ್ಟಿರಲಿಲ್ಲ, ಜಿಫ್‌ನಲ್ಲಿ ದನಿಯೇ ಇರುವುದಿಲ್ಲ. ಕೈ ಮುಂದೆ ಹೋಗುವ ಚಿತ್ರಗಳೆಲ್ಲ ಉಳಿದಿದ್ದವು. ಹಿಂದೆ ಬರುವ ಚಿತ್ರಗಳೇ ನಾನು ಕಿತ್ತವು! ಅತ್ತೆಯವರು ತಮ್ಮನನ್ನು ಕೋಳಿ ಅಟ್ಟಿದಂತೆ ಅಟ್ಟುತ್ತಲೇ ಇದ್ದರು.

"ನಾಳೆ ನಾನ ಕುಂಕುಮ ಅಕ್ಷತಾ ತಗೊಂಡ ಹೊಕ್ಕೀನಿ," ಎಂದೆ. "ಪೂರ್ತಿ ವಿಡಿಯೋ ಪೆನ್‌ಡ್ರೈವಿಗೆ ಹಾಕಿ ಅವರ ದೊಡ್ಡ ಟಿ.ವಿ.ಯೊಳಗ ತೋರಸ್ತೀನಿ. ನನಗ..."

"ಬ್ಯಾಡ್ರಿ, ಆ ಮಾತ ಅನಬ್ಯಾಡ್ರಿ!" ಎಂದಳು ಸುನಂದಾ.

ಈ ಸಲ ನೆನಪನ್ನು ನೆಚ್ಚದೆ ಓದಿಯೇ ಮಾಡಿದೆ. ದನಿಯನ್ನೂ ಚಿತ್ರವನ್ನೂ ಸೀರೆಯಂತೆ ಒತ್ತಿ ಮಡಚುವ ರೀತಿಗೆ ಕೋಡೆಕ್ ಎನ್ನುತ್ತಾರೆ. ಚಿತ್ರಕ್ಕೊಂದು ಕೋಡೆಕ್, ದನಿಗೊಂದು. ಹಳೆಯವು ಇದ್ದವು, ಎಲ್ಲರ ಮನೆಯಲ್ಲೂ ನಡೆಯುವಂಥವು. ಆದರೆ ಸೋದರಮಾವನ ಮರ್ಯಾದೆಯ ಪ್ರಶ್ನೆ! ಚಿತ್ರಕ್ಕೆ ಹಳೆಯದೇ ಇರಲಿ ಎಂದು ಬಿಟ್ಟು, ದನಿಗೆ ಮಾತ್ರ ಎಲ್ಲಕ್ಕಿಂತ ಹೊಸದನ್ನು ಆರಿಸಿದೆ. ಮಡಚಿದ್ದನ್ನು ಬಿಚ್ಚಲು ಆ ಕಡೆಯ ಯಂತ್ರಕ್ಕೂ ಆ ಮಡಿಕೆ ಗೊತ್ತಿರಬೇಕು ಎಂಬ ಸಾಲನ್ನೂ ಓದಿದ್ದೆ. ಓದಿದ್ದೆ ಎಂದೇ ನೆನಪು.

ಮರುದಿನ ಗಾಡಿ ಹತ್ತಿ, ಅಥಣಿ ದಾಟಿ, ಕೊಕಟನೂರು ಮುಟ್ಟಿದೆ. ಮಾಮಾ ಪಡಸಾಲೆಯ ಕುರ್ಚಿಯಲ್ಲಿ ಬಿಗಿದು ಕೂತರು. ಮಾಮಿ ಅವರ ಹಿಂದೆ ನಿಂತರು. ಬಾಗಿಲಲ್ಲಿ ಅರ್ಧ ಓಣಿ ಸೇರಿತು. ಪೆನ್‌ಡ್ರೈವ್ ಚುಚ್ಚಿದೆ. ಅತ್ತೆಯವರು ಗೋಡೆಯಷ್ಟು ದೊಡ್ಡವರಾಗಿ ಬಂದರು. ಸೀರೆ ಹಸಿರಾಗಿಯೇ ಇತ್ತು. ಬಾಯಿ ತೆರೆದರು.

ದನಿ ಇಲ್ಲ! ಪರದೆಯ ಕೆಳಗೆ ಒಂದು ಸಾಲು ಮೂಡಿತು: ಈ ಬಗೆಯ ಆಡಿಯೊ ಈ ಟಿ.ವಿ.ಯಲ್ಲಿ ನಡೆಯುವುದಿಲ್ಲ.

"ಅಕ್ಕನ ಕಾಲ ಮುರದೈತೋ, ದನಿ ಹೋಗೇತೋ?" ಎಂದರು ಮಾಮಾ.

ಮದುವೆ ನನ್ನ ಕೈಯಿಂದ ಜಾರುತ್ತಿತ್ತು. ಎದ್ದು ಟಿ.ವಿ.ಯ ಪಕ್ಕ ನಿಂತು ಅತ್ತೆಯವರ ಮಾತನ್ನು ನಾನೇ ಆಡಲು ಶುರುಮಾಡಿದೆ. ಅವರು ಏನೆಂದಿದ್ದರೋ ನೆನಪಿದ್ದರೆ ತಾನೆ! ಬಾಯಿಗೆ ಬಂದದ್ದು ಲಗ್ನಪತ್ರಿಕೆಯ ಭಾಷೆ.

"ಪ್ರಿಯ ತಮ್ಮಾ, ತಾವು ಸಕುಟುಂಬ ಸಪರಿವಾರ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ," ಎಂದೆ. ಅದೇ ಹೊತ್ತಿಗೆ ಪರದೆಯ ಮೇಲೆ ಅತ್ತೆಯವರು ಬೆರಳು ಎತ್ತಿ ಹೊಡೆಯುವಂತೆ ಮಾಡಿದರು. ಗಾಬರಿಯಾಗಿ, "ಊಟಕ್ಕ ಜಿಲೇಬಿ ಮಾಡಿಸೇವಿ!" ಎಂದೆ. ಅತ್ತೆಯವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬಾಗಿಲಲ್ಲಿದ್ದ ಒಬ್ಬ ಅಜ್ಜಿ, "ಪಾಪ, ಜಿಲೇಬಿ ನೆನಸಿ ಅಳಾಕತ್ತಾಳ ನೋಡ," ಎಂದಳು. ಓಣಿಗೆ ಓಣಿಯೇ ನಕ್ಕಿತು.

"ಸಾಕ ಮಾಡ್ರಿ ಅಳಿಯಂದ್ರ," ಎಂದರು ಮಾಮಾ, ನಗು ತಡೆದುಕೊಳ್ಳುತ್ತ. "ನಮ್ಮಕ್ಕ ಜನ್ಮದಾಗ ನನಗ ತಾವು ಅಂದಾಕಿ ಅಲ್ಲ."

ಆಗ ಮಾಮಿ ಮೆಲ್ಲಗೆ ಕೇಳಿದರು. "ಅಲ್ರಿ, ಇದನ್ನ ಯಾವದರಾಗ ತಗದೀರಿ?"

"ಫೋನಿನ್ಯಾಗ."

"ಆ ಫೋನ ಎಲ್ಲೈತ್ರಿ?"

ಕಿಸೆಯಲ್ಲಿತ್ತು. ಮೂಲ ವಿಡಿಯೋ ಅದರಲ್ಲೇ ಇತ್ತು. ಅಷ್ಟು ದಾರಿ ನನ್ನ ಎದೆಗೆ ಒತ್ತಿಕೊಂಡೇ ಬಂದಿತ್ತು!

ಒತ್ತಿದೆ. ಅಂಗೈಯಷ್ಟು ಪರದೆಯಿಂದ ಅತ್ತೆಯವರ ದನಿ ಪಡಸಾಲೆ ತುಂಬಿತು. "ಲೇ ರಾವಸ್ಯಾ, ಸಾಕ ಮಾಡೋ ನಿನ್ನ ಸಿಟ್ಟ. ಫೋನ ಮಾಡಿದ್ದ ನಂದ ತಪ್ಪಾತು, ಕಿವಿ ಹಿಂಡು ಬಾ. ನಮ್ಮ ಗೀತಾನ ಹಿಂದ ಯಾರ ನಿಂದ್ರಬೇಕೋ? ಮುರದ ಕಾಲ ತಗೊಂಡ ನಾನ ನಿಂದ್ರಲೇನ? ಬಾರೋ ತಮ್ಮಾ."

ಮಾಮಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇನ್ನೊಮ್ಮೆ ಹಚ್ಚರಿ," ಎಂದರು. ನಾಲ್ಕು ಸಲ ಹಚ್ಚಿದೆ. ಆಮೇಲೆ ಅಕ್ಷತೆ ತೆಗೆದುಕೊಂಡು ಹೇಳಿದರು, "ಬರತೀನಿ. ಆದ್ರ ಒಂದ ಕರಾರು. ಲಗ್ನದ ವಿಡಿಯೋ ನೀವು ತಗೀಬ್ಯಾಡ್ರಿ."

ಒಪ್ಪಿದೆ. ಮದುವೆಯಲ್ಲಿ ಮಾಮಾ ಜರಿ ರುಮಾಲು ಸುತ್ತಿಕೊಂಡು ಗೀತಾಳ ಹಿಂದೆ ಗೋಡೆಯಂತೆ ನಿಂತರು. ಅತ್ತೆಯವರು ಗಾಲಿಕುರ್ಚಿಯಲ್ಲಿ ಕೂತು, ನೆಟ್ಟಗೆ ನಿಲ್ಲು ಎಂದು ಮಂಟಪಕ್ಕೆಲ್ಲ ಕೇಳುವಂತೆ ತಮ್ಮನನ್ನು ಬೈದರು. ಇಬ್ಬರ ಮುಖದಲ್ಲೂ ಹಬ್ಬ. ನನಗೂ ಮನೆಯವರೆಲ್ಲ ಸೇರಿ ಒಂದು ಜವಾಬ್ದಾರಿ ವಹಿಸಿದ್ದರು. ಅಡುಗೆಯ ಮನೆಯ ಹಿಂದೆ ಮಜ್ಜಿಗೆಯ ಕ್ಯಾನುಗಳ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ಕೂತಿರುವುದು.

ಏನನ್ನೂ ಮುಟ್ಟದೆ!